ಜೀರುಂಡೆ ಕೂಗದ ಊರು

ಮುಳಬಾಗಿಲಿಗೆ ಬಂದ ಮೊದಲ ಸಂಜೆ ನನ್ನನ್ನು ಹೆದರಿಸಿದ್ದು ಇಲ್ಲಿನ ಮೌನ.

ಸಾಮಾನು ಇಳಿಸಿದ ಲಾರಿ ಹೊರಟುಹೋಗಿತ್ತು. ನನ್ನ ಹೆಂಡತಿ ಶಾಂತಾ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಇಲ್ಲಿಗೆ ವರ್ಗವಾಗಿತ್ತು, ಅವಳ ಹಿಂದೆ ನಾನು ಬಂದಿದ್ದೆ. ಅವಳು ಅಂದೇ ಕೆಲಸಕ್ಕೆ ಹಾಜರಾಗಬೇಕಿದ್ದರಿಂದ ನಾನೊಬ್ಬನೇ ಮಾಳಿಗೆ ಹತ್ತಿ ನಿಂತೆ. ಊರಿನ ಬೆನ್ನಿಗೆ ಬಂಡೆಗಳ ಬೆಟ್ಟ. ಆನೆ ಗಾತ್ರದ ಗುಂಡುಕಲ್ಲುಗಳು ಒಂದರ ಮೇಲೊಂದು ಕೂತಿವೆ, ಯಾವ ಕ್ಷಣದಲ್ಲಾದರೂ ಉರುಳಿಬಿಡುತ್ತವೆ ಅನ್ನುವ ಹಾಗೆ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಅದರಾಚೆ ರಾಗಿ ಹೊಲ. ಮಳೆ ಬಿದ್ದು ನಿಂತಿತ್ತು. ಇಷ್ಟು ಹಸಿರಿರುವಲ್ಲಿ, ಇಂಥ ಹೊತ್ತಿನಲ್ಲಿ, ಒಂದೇ ಒಂದು ಜೀರುಂಡೆ ಕೂಗುತ್ತಿರಲಿಲ್ಲ.

ನೇಕಾರರ ಊರಾದ ನಮ್ಮ ಬೆಟಗೇರಿಯಲ್ಲಿ ಮಗ್ಗಗಳು ನಿಂತ ಮರುಗಳಿಗೆಯೇ ಕೆರೆಯ ಕಡೆಯಿಂದ ಜೀರುಂಡೆಗಳ ಕೂಗು ಏಳುತ್ತಿದ್ದುದು ನನಗೆ ನೆನಪು. ಚಿಕ್ಕಂದಿನಲ್ಲಿ ಅವ್ವ ಮಗ್ಗದ ನೂಲು ಸುತ್ತುತ್ತ ಅದನ್ನು ಕೇಳಿಸಿ, “ನೋಡು, ಅವೂ ಕಂಡಿಕಿ ಸುತ್ತಾಕತ್ತಾವ” ಅನ್ನುತ್ತಿದ್ದಳು. ಇಲ್ಲಿ ಏನೂ ಇಲ್ಲ. ಬೀದಿಯ ತುದಿಯಲ್ಲಿದ್ದ ಟ್ರಾನ್ಸ್‌ಫಾರ್ಮರ್ ಮಾತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಆ ಬೆಟ್ಟವೇ ಎಲ್ಲ ಸದ್ದನ್ನೂ ನುಂಗಿಕೊಂಡಿದೆ ಅನ್ನಿಸಿತು. ಬೆಟಗೇರಿಯಲ್ಲಿರುವ ತಮ್ಮ ಬಸವರಾಜನಿಗೆ ಫೋನು ಹಚ್ಚಿದೆ.

“ಈ ಊರಾಗ ಹುಳಾನೂ ಒದರಂಗಿಲ್ಲೋ ಬಸು. ಮಸಣ ಇದ್ದಂಗ ಐತಿ.”

“ಏನಂದಿ?” ಅಂತ ಅವನು ಕಿರುಚಿದ. ಅವನ ಹಿಂದೆ ಟಿ.ವಿ. ಅಬ್ಬರಿಸುತ್ತಿತ್ತು.

ಊರಿನ ಗೆಳೆಯರು, “ಅಲ್ಲಿ ಹೋಗಿ ಹೆಂಗ ನಿಂತಿ, ನಮ್ಮ ಸಂಚಿಕಿಗೆ ಬರಿ” ಎಂದು ಕೇಳಿದ್ದಕ್ಕೆ ಇದನ್ನೆಲ್ಲ ಬರೆಯುತ್ತಿದ್ದೇನೆ. ಮೊದಲ ಸಲ ಕೇಳಿದಾಗಲೇ ಬರೆದಿದ್ದರೆ ಇದು ಬೇರೆಯೇ ಬರಹವಾಗುತ್ತಿತ್ತು. ಮುದ್ದೆಯ ಬಗ್ಗೆ, ತೆಲುಗಿನ ಬಗ್ಗೆ, ಬಂಡೆಗಳ ಬಗ್ಗೆ ನಗಿಸುವಂಥ ನಾಲ್ಕು ಮಾತು ಬರೆದು ಕಳಿಸಿಬಿಡುತ್ತಿದ್ದೆ.

ಮುದ್ದೆಯ ಮಾತು ಹೇಳಿಯೇಬಿಡುತ್ತೇನೆ. ನಮ್ಮಲ್ಲಿ ರೊಟ್ಟಿ ತಟ್ಟುವ ಸಪ್ಪಳ ಮನೆ ತುಂಬುತ್ತದೆ, ತಿನ್ನುವಾಗ ಒಣಗಿದ ಕಟಿ ರೊಟ್ಟಿ ಮುರಿಯುವ ಸಪ್ಪಳ. ಇಲ್ಲಿನ ರಾಗಿ ಮುದ್ದೆಗೆ ಸಪ್ಪಳವೇ ಇಲ್ಲ. ಅದನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು. ಅಗಿದರೆ ಹಲ್ಲಿಗೆಲ್ಲ ಮೆತ್ತಿಕೊಳ್ಳುತ್ತದೆ. ಮನೆಯ ಒಡತಿ ಮುನಿರತ್ನಮ್ಮ ಮೊದಲ ವಾರ ನನಗೆ ತಟ್ಟೆಯಲ್ಲಿ ಮುದ್ದೆ ಮತ್ತು ಬಸ್ಸಾರು ಕೊಟ್ಟು, ನಾನು ಅಗಿಯುವುದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಬಸ್ಸಾರು ಅಂದರೆ ಸೊಪ್ಪು, ಬೇಳೆ ಬೇಯಿಸಿ ಬಸಿದ ಕಟ್ಟಿನ ಸಾರು. ನಮ್ಮ ಕಟ್ಟಿನ ಸಾರಿಗೆ ಚಿಕ್ಕ ತಂಗಿ ಅನ್ನಬಹುದು.

ಮಾತು ಮಾತ್ರ ನುಂಗಿದರೂ ಇಳಿಯಲಿಲ್ಲ. ಇಲ್ಲಿಯವರು ಕನ್ನಡವನ್ನು ಕತ್ತರಿಸಿ ಆಡುತ್ತಾರೆ, ನಡುವೆ ತೆಲುಗು ಬರುತ್ತದೆ. ಸಂತೆಯಲ್ಲಿ ಅರ್ಧ ವ್ಯವಹಾರ ದಖನಿ ಉರ್ದುವಿನಲ್ಲಿ. ನಾನು ಕಲಿತ ಮೊದಲ ತೆಲುಗು ಮಾತು “ಮಳ್ಳೀ ಚೆಪ್ಪಂಡಿ.” ಇನ್ನೊಮ್ಮೆ ಹೇಳಿ ಎಂದರ್ಥ. ದಿನಕ್ಕೆ ಎಷ್ಟೋ ಸಲ ಅದನ್ನೇ ಅಂದೆ. ಕನ್ನಡದಲ್ಲಿ ಮಾತಾಡಿದವರಿಗೂ ಅದನ್ನೇ ಅನ್ನುವಂತಾಯಿತು. ಒಂದು ಬೆಳಿಗ್ಗೆ ಮುನಿರತ್ನಮ್ಮ ಕೆಳಗಿನಿಂದ ಏನೋ ಕೂಗಿದರು. “ಹಂಪಿ ನೋಡಿದ್ರಾ?” ಅಂದ ಹಾಗೆ ಕೇಳಿಸಿತು. “ನೋಡೀನ್ರಿ, ನಮ್ಮ ಕಡಿಂದ ಹತ್ರಾನ ಐತಿ” ಎಂದು ಹೇಳಿ ಒಳಗೆ ಹೋದೆ. ಸ್ವಲ್ಪ ಹೊತ್ತಿಗೆ ಅಂಗಳದ ತುಂಬ ನೀರು. ಅವರು ಕೇಳಿದ್ದು “ಸಂಪು ನೋಡಿದ್ರಾ?” ಎಂದು. ನೆಲದೊಳಗಿನ ನೀರಿನ ತೊಟ್ಟಿಗೆ ಇಲ್ಲಿ ಸಂಪು ಅನ್ನುತ್ತಾರೆ. ಅದು ತುಂಬಿ ಹರಿದಿತ್ತು. ಆ ಸಂಜೆ ಶಾಂತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ.

ಕುಕ್ಕರಿನ ಸಂಗತಿಗೆ ಅವಳು ನಗಲಿಲ್ಲ. ಬೇಳೆ ಇಟ್ಟು ಸೀಟಿ ಆಗುವುದನ್ನೇ ಕಾಯುತ್ತ ಪಕ್ಕದ ಕೋಣೆಯಲ್ಲಿ ಕೂತಿದ್ದೆ. ಸೀಟಿ ಆಗಲಿಲ್ಲ, ಬೇಳೆ ಸೀದು ಹೊಗೆ ಬಂತು. “ಗ್ಯಾಸ್ಕೆಟ್ ಹೋಗೇತಿ” ಎಂದು ಹೊಸದು ತಂದು ಹಾಕಿದೆ. ಮತ್ತೆ ಸೀಯಿತು. ಶಾಂತಾ ಹೊಸ ಗ್ಯಾಸ್ಕೆಟ್ಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ನಂತರ ನನ್ನ ಮುಖ ನೋಡಿದಳು. “ಇನ್ನ ಮ್ಯಾಲ ಬ್ಯಾಳಿ ನಾನ ಇಡ್ತೀನಿ ಬಿಡ್ರಿ” ಅಂದಳು, ಅಷ್ಟೇ.

ಟ್ರಾನ್ಸ್‌ಫಾರ್ಮರಿನ ಗುಂಯ್‌ಗಾಟ ದಿನದಿನಕ್ಕೆ ತಲೆ ತಿನ್ನತೊಡಗಿತು. ಮೂರು ಸಲ ದೂರು ಕೊಟ್ಟ ಮೇಲೆ ಲೈನ್‌ಮನ್ ಬಂದು ಕಂಬ ಹತ್ತಿದ. ನಾನು ಕೆಳಗೆ ನಿಂತು, “ಕೇಳ್ರಿ, ಈಗೂ ಹೆಂಗ ಗುಂಯ್ ಅಂತೈತಿ!” ಎಂದೆ.

ಅವನು ಮೇಲಿನಿಂದ ಬಗ್ಗಿ ನನ್ನನ್ನೇ ನೋಡಿದ. “ಏನಣ್ಣ ನೀವು, ಲೈನ್ ಆಫ್ ಮಾಡ್ಕೊಂಡು ಹತ್ತಿದೀನಿ. ಕರೆಂಟೇ ಇಲ್ಲ ಇದ್ರಲ್ಲಿ.”

ನಾನು ಅಲ್ಲೇ ನಿಂತಿದ್ದೆ. ಗುಂಯ್ ಅನ್ನುವುದು ನಡೆದೇ ಇತ್ತು. ಬೇರೆ ಯಾವುದೋ ಬೀದಿಯದಿರಬೇಕು ಎಂದುಕೊಂಡು ಮನೆಗೆ ಬಂದೆ. ಆ ದಿನ ನಾನು ಇದನ್ನು ಶಾಂತಾಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಕೇಳಿಕೊಳ್ಳಲೂ ಇಲ್ಲ.

ನಾನು ಹದಿನಾರನೇ ವಯಸ್ಸಿನಿಂದ ಪವರ್‌ಲೂಮ್ ಶೆಡ್ಡಿನಲ್ಲಿ ನೇಯ್ದವನು ಎಂಬುದು ನಿಮಗೆಲ್ಲ ಗೊತ್ತು. ಹಗಲು ಮಗ್ಗ, ಸಂಜೆ ಮಠದ ಭಜನೆಗೆ ಹಾರ್ಮೋನಿಯಂ. ಪೆಟ್ಟಿಗೆ ಬಿಚ್ಚುವುದು, ತಿದಿ ಹೊಲಿಯುವುದು, ರೀಡಿನ ಹಿತ್ತಾಳೆ ನಾಲಗೆ ಕೆರೆದು ಸ್ವರ ತಿದ್ದುವುದು ಅಲ್ಲೇ ಕಲಿತದ್ದು. ಇಲ್ಲಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಅಂಗಡಿ ಹಿಡಿದು ಹಾರ್ಮೋನಿಯಂ ರಿಪೇರಿ ಎಂದು ಬೋರ್ಡು ಹಾಕಿದೆ. ನಡೆಯುವುದೋ ಇಲ್ಲವೋ ಎಂದು ಅಳುಕಿತ್ತು. ಆದರೆ ಈ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಇನ್ನೂ ಇಳಿದಿಲ್ಲ. ರೈತರು, ಡ್ರೈವರುಗಳು, ಅಂಗಡಿಯವರು ತಿಂಗಳುಗಟ್ಟಲೆ ಪದ್ಯ ಕಲಿತು ಕಿರೀಟ ಕಟ್ಟುತ್ತಾರೆ, ಕೆಲವೂರಲ್ಲಿ ತೆಲುಗಿನಲ್ಲಿ, ಕೆಲವೂರಲ್ಲಿ ಕನ್ನಡದಲ್ಲಿ. ಕಲಿಸುವವರು ಹಾರ್ಮೋನಿಯಂ ಮೇಷ್ಟ್ರು. ಹಾಗೆ ನನ್ನ ಅಂಗಡಿಗೆ ಬಂದವರು ಚಲಪತಿ ಮೇಷ್ಟ್ರು.

ಅರವತ್ತರ ಹತ್ತಿರದ ಮನುಷ್ಯ, ಗೌನಿಪಲ್ಲಿ ಕಡೆಯವರು, ಹಣೆಯಲ್ಲಿ ಕೆಂಪು ನಾಮ. ತಮ್ಮ ಪೆಟ್ಟಿಗೆಯನ್ನು ಬೈಕಿಗೆ ಕಟ್ಟಿಕೊಂಡು ಬಂದರು. ನಾನು ಅದನ್ನು ಸರಿಮಾಡಿ, ಪರೀಕ್ಷೆಗೆಂದು ಅವ್ವನ ಹಾಡೊಂದನ್ನು ನುಡಿಸಿದೆ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು.

“ಇದ್ಯಾವ ಹಾಡಯ್ಯ? ನಮ್ಮ ಕಡೆ ಕೇಳಿಲ್ಲ.”

“ನಮ್ಮವ್ವ ಕಂಡಿಕಿ ಸುತ್ತೂ ಮುಂದ ಹಾಡ್ತಿದ್ಲ್ರಿ.” ಕಂಡಿಕಿ ಅಂದರೆ ಲಾಳಿಯೊಳಗೆ ಕೂರುವ ನೂಲಿನ ಕಡ್ಡಿ ಎಂದು ವಿವರಿಸಿದೆ.

“ಇನ್ನೊಂದ್ ಸಲ ಬಾರ್ಸು” ಅಂದರು.

ಅವರ ಜೊತೆಗೆ ಒಂದು ದಿನ ಬಾಷಾ ಭಾಯ್ ಬಂದರು. ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವವರು. ಮದುವೆ, ಮೆರವಣಿಗೆ ಇಲ್ಲದ ದಿನ ಬ್ಯಾಗು, ಚಪ್ಪಲಿ ಹೊಲಿಯುತ್ತಾರೆ. ಮೂರು ಜನ ಸೇರಿ ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂಡತೊಡಗಿದೆವು. ಮೇಷ್ಟ್ರದ್ದೇ ಒಂದು ಕಟ್ಟಳೆ: ಹೊಟ್ಟೆಪಾಡಿಗೆ ನುಡಿಸುವುದನ್ನು ಇಲ್ಲಿ ನುಡಿಸಬಾರದು. ಪ್ರೀತಿಯದ್ದನ್ನು ತರಬೇಕು, ಉಳಿದಿಬ್ಬರಿಗೆ ಅದನ್ನು ಕಲಿಸಬೇಕು.

ಬಾಷಾ ಭಾಯ್ ತಂದದ್ದು ಅವರ ಅಬ್ಬಾಜಾನ್ ಊದುತ್ತಿದ್ದ ಒಂದು ಧುನ್. ಬೆಳಗಿನ ಜಾವ, ಮದುವೆ ಮನೆಯವರು ಏಳುವ ಮೊದಲು ಅವರು ತಮಗಾಗಿ ಅದನ್ನು ಊದಿಕೊಳ್ಳುತ್ತಿದ್ದರಂತೆ. “ಅಬ್ಬಾ ಹೋದ್ಮೇಲೆ ನಾನು ಮುಟ್ಟೇ ಇಲ್ಲ ಭಾಯ್. ಮರ್ತೇ ಹೋಯ್ತು ಅಂದ್ಕೊಂಡಿದ್ದೆ” ಎಂದು ಕ್ಲಾರಿನೆಟ್ಟನ್ನು ಬಾಯಿಗಿಟ್ಟರು. ಮೊದಲ ಎರಡು ಸಲ ನಡುವೆ ಕಡಿಯಿತು. ಮೂರನೇ ಸಲ ಬೆರಳುಗಳೇ ದಾರಿ ಕಂಡುಕೊಂಡವು. ಮುಗಿದ ಮೇಲೆ ಅವರು ಗೋಡೆಯ ಕಡೆ ತಿರುಗಿ ಕೂತರು. ಮೇಷ್ಟ್ರು ತಂದದ್ದು ಅವರ ಅಜ್ಜಿಯ ತೆಲುಗು ಜೋಗುಳ. ಶಾಸ್ತ್ರೀಯವಾಗಿ ಕಲಿತ ಮೇಲೆ ಅದನ್ನು ಹಾಡಲು ತಮಗೆ ನಾಚಿಕೆಯಾಗಿತ್ತು ಎಂದರು. ಅಜ್ಜಿ ಮಾವಿನ ತೋಪಿನಲ್ಲಿ ಕಾವಲು ಕೂತಾಗ ಹಾಡುತ್ತಿದ್ದ ಹಾಡಂತೆ. ಕೋಲಾರ ಜಿಲ್ಲೆಗೆ ಬಂದಮೇಲೆ ಮೊದಲ ಬಾರಿಗೆ ನನಗೆ ಇಲ್ಲಿ ಕೂತುಕೊಳ್ಳಲು ಒಂದು ಚಾಪೆ ಸಿಕ್ಕಿತ್ತು.

ನನ್ನ ಪಾಳಿ ಬಂದಾಗ ಬಸವರಾಜನಿಗೆ ಹೇಳಿ ಒಂದು ಹಳೆಯ ಕ್ಯಾಸೆಟ್ಟನ್ನು ಫೋನಿಗೆ ಇಳಿಸಿ ತರಿಸಿಕೊಂಡೆ. ಅದೇ ಕಂಡಿಕಿಯ ಹಾಡನ್ನು ಮಠದ ಭಜನೆಯಲ್ಲಿ ಅವ್ವ ಹಾಡಿದ್ದು. ಅವಳ ದನಿ ಉಳಿದಿರುವುದು ಅದೊಂದರಲ್ಲೇ. “ಇದರಾಗ ತಾಳಾ ಹಾಕಿದಾಂವ ನಾನ ರೀ. ಆಗ ನಾನು ಇಷ್ಟಿದ್ದೆ” ಎಂದು ಕೈಯಲ್ಲಿ ಎತ್ತರ ತೋರಿಸಿದೆ. ಬಾಷಾ ಭಾಯ್ ಸ್ಪೀಕರಿಗೆ ಜೋಡಿಸಿದರು. ಅವ್ವನ ದನಿ ಬಂತು. ಆದರೆ ಮಂದವಾಗಿತ್ತು, ಕಂಬಳಿಯ ಒಳಗಿನಿಂದ ಬಂದ ಹಾಗೆ. ಮಾತುಗಳ ಅಂಚೆಲ್ಲ ಸವೆದಿತ್ತು. ಕಂಚಿನ ತಾಳದ ಸದ್ದು ಇರಲೇ ಇಲ್ಲ.

“ಹಾಳ ಮಾಡ್ಯಾನ ನೋಡ್ರಿ ನನ್ನ ತಮ್ಮ. ತಾಳಾ ಪೂರ್ತಿ ಹೋಗಿಬಿಟ್ಟೈತಿ” ಎಂದೆ.

ಬಾಷಾ ಭಾಯ್ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದವರು, “ಅಮ್ಮನ ಕಂಠ ಚೆನ್ನಾಗಿದೆ ಕಣಯ್ಯ” ಎಂದರು.

ಆ ತಿಂಗಳಿಂದ ಗಿರಾಕಿಗಳು ಕಡಿಮೆಯಾಗತೊಡಗಿದರು. ಪೆಟ್ಟಿಗೆ ಒಯ್ದವರು ಮರಳಿ ಬರುತ್ತಿರಲಿಲ್ಲ. ಶ್ರೀನಿವಾಸಪುರದಿಂದ ಬಂದ ಒಬ್ಬರು ಹಣ ಕೊಟ್ಟು, ಪೆಟ್ಟಿಗೆಯನ್ನು ನುಡಿಸಿ ನೋಡಿ, ಮೇಲಿನ ಸ್ವರಗಳ ಮೇಲೆ ಎರಡು ಸಲ ಬೆರಳಾಡಿಸಿ, ಏನೂ ಹೇಳದೆ ಕಟ್ಟಿಕೊಂಡು ಹೋದರು. ಹೊರಗಿನವನೆಂದು ನನ್ನನ್ನು ದೂರ ಇಡುತ್ತಿದ್ದಾರೆ ಅಂದುಕೊಂಡೆ. ಅಂಗಡಿಯಲ್ಲಿ ಒಬ್ಬನೇ ಕೂತು ಬಾಗಿಲಿನಾಚೆಯ ಬೆಟ್ಟವನ್ನು ನೋಡುತ್ತಿದ್ದೆ. ಊರು ನನ್ನಿಂದ ಒಂದೊಂದೇ ಸದ್ದನ್ನು ಬಚ್ಚಿಡುತ್ತಿದೆ ಅನ್ನಿಸುತ್ತಿತ್ತು. ಯಾರಾದರೂ ಬೆನ್ನ ಹಿಂದೆ ಬಂದು ನಿಂತರೆ ಬೆಚ್ಚಿಬೀಳುತ್ತಿದ್ದೆ. ಅವರು ಕೂಗಿ ಕೂಗಿ ಸಾಕಾಗಿ ಹತ್ತಿರ ಬಂದವರಾಗಿರುತ್ತಿದ್ದರು.

ದಸರೆ ಕಳೆದ ಮೇಲೆ ಒಂದು ಸಂಜೆ ಮೂವರೂ ಕುರುಡುಮಲೆಗೆ ಹೋದೆವು. ಮೂರೂ ಹಾಡುಗಳನ್ನು ರೆಕಾರ್ಡ್ ಮಾಡಿಕೊಳ್ಳೋಣ, ಅಂಗಡಿಯಲ್ಲಿ ಬಸ್ಸುಗಳ ಗದ್ದಲ ಎಂದು ಮೇಷ್ಟ್ರು ಹೇಳಿದ್ದರು. ಗಣಪತಿಯ ದರ್ಶನ ಮಾಡಿ, ಊರಾಚೆ ಒಂದು ಹಾಸುಬಂಡೆಯ ಮೇಲೆ ಕೂತೆವು. ಹೊತ್ತು ಮುಳುಗಿತ್ತು. ನನ್ನ ಪಾಲಿಗೆ ಅದು ಎಂಥ ನಿಶ್ಶಬ್ದವೆಂದರೆ, ಆ ಗುಂಯ್ ಒಂದನ್ನು ಬಿಟ್ಟರೆ ಲೋಕದಲ್ಲಿ ಏನೂ ಇರಲಿಲ್ಲ. ಇಲ್ಲಿಗೂ ಆ ಟ್ರಾನ್ಸ್‌ಫಾರ್ಮರ್ ಹೇಗೆ ಬಂತು ಎಂದು ಅರೆಗಳಿಗೆ ಯೋಚಿಸಿದೆ.

ಪೆಟ್ಟಿಗೆಯ ತಿದಿ ಎಳೆದು, “ಶುರು ಮಾಡೋಣೇನ್ರಿ?” ಎಂದೆ.

ಬಾಷಾ ಭಾಯ್ ಕೈ ಎತ್ತಿದರು. “ಠಹರೋ ಭಾಯ್, ಒಂದ್ ನಿಮಿಷ. ಈ ಹುಳ ನಿಲ್ಲಲಿ. ರೆಕಾರ್ಡಲ್ಲಿ ಅದೇ ತುಂಬ್ಕೊಂಡುಬಿಡುತ್ತೆ.”

“ಯಾವ ಹುಳಾ?”

ಅವರು ನಕ್ಕರು. “ಜೀರುಂಡೆ ಕಣಣ್ಣ. ಕಿವಿ ಕಿತ್ತೋಗೋ ಹಂಗೆ ಕಿರುಚ್ತಾ ಇದೆಯಲ್ಲ.”

ನಾನು ಸುತ್ತ ನೋಡಿದೆ. ಪೊದೆಗಳು, ಬಂಡೆಗಳು, ಕಪ್ಪಾಗುತ್ತಿದ್ದ ಆಕಾಶ. “ಎಲ್ಲಿ?” ಎಂದೆ.

ಬಾಷಾ ಭಾಯ್ ನಗು ನಿಂತಿತು. ಮೇಷ್ಟ್ರು ಫೋನನ್ನು ಬಂಡೆಯ ಮೇಲಿಟ್ಟು ನನ್ನ ಹತ್ತಿರ ಸರಿದರು.

“ಈರಣ್ಣ, ತಮಾಷೆ ಮಾಡ್ತಿಲ್ಲ ತಾನೆ?”

“ಇಲ್ರೀ ಮೇಷ್ಟ್ರ. ಈ ಊರಾಗ ಜೀರುಂಡೆ ಒದರೂದಿಲ್ಲಲ್ಲ.”

ಆಮೇಲೆ ಮೇಷ್ಟ್ರು ನನ್ನ ಮುಖಕ್ಕೆ ನೇರವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. ಅವ್ವನ ಹಾಡಿನಲ್ಲಿ ತಾಳ ಇದೆ, ಮೊದಲಿಂದ ಕೊನೆಯವರೆಗೆ ಸ್ಪಷ್ಟವಾಗಿ ಇದೆ. ನಾನು ತಿದ್ದಿದ ಪೆಟ್ಟಿಗೆಗಳಲ್ಲಿ ಮೇಲಿನ ಸ್ಥಾಯಿ ಅಪಸ್ವರ. ಅವರು ತಮ್ಮದನ್ನು ಮಾಲೂರಿಗೆ ಒಯ್ದು ಮತ್ತೆ ತಿದ್ದಿಸಿಕೊಂಡು ಬಂದಿದ್ದರು.

“ನಿನಗೆ ಹೇಳೋಕೆ ನಾಲಗೆ ಏಳಲಿಲ್ಲಪ್ಪ. ಕೈ ಇನ್ನೂ ಹೊಸ ಊರಿಗೆ ಕೂತಿಲ್ಲ ಅಂದ್ಕೊಂಡೆ.”

ಹಂಪಿ, ಕುಕ್ಕರು, ಕರೆಂಟಿಲ್ಲದ ಕಂಬ ಎಲ್ಲವೂ ಒಟ್ಟಿಗೆ ನನ್ನ ಮೇಲೆ ಬಿದ್ದವು. ನಾನು ಎರಡೂ ಅಂಗೈಗಳನ್ನು ಕಿವಿಗೆ ಒತ್ತಿ ಹಿಡಿದೆ. ಗುಂಯ್ ಅನ್ನುವುದು ನಿಲ್ಲಲಿಲ್ಲ, ಇನ್ನೂ ಜೋರಾಯಿತು. ಅದು ನನ್ನೊಳಗೇ ಇತ್ತು. ಬಾಷಾ ಭಾಯ್ ನನ್ನ ಬೆನ್ನ ಮೇಲೆ ಕೈಯಿಟ್ಟು ಕೂತರು. ಆ ಸಂಜೆ ನಾವು ಏನನ್ನೂ ನುಡಿಸಲಿಲ್ಲ.

ಮನೆಗೆ ಬಂದು ಶಾಂತಾಗೆ ಹೇಳಿದಾಗ ಅವಳು ಆಶ್ಚರ್ಯಪಡಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

“ಕುಕ್ಕರ್ ಸೀದ ದಿನಾನ ಅನಮಾನ ಬಂದಿತ್ತ್ರಿ” ಅಂದಳು. “ಹೇಳಿದ್ರ ನೀವು ಪೆಟಗಿ ಮುಟ್ಟೂದ ಬಿಡ್ತೀರಿ ಅಂತ ಅಂಜಿಕಿ ಆತು. ಬೆಟಗೇರ್ಯಾಗ ನನಗ ಯಾಕ ತಿಳೀಲಿಲ್ಲ? ನಾನು ನರ್ಸ್ ಅದೀನಿ, ಮತ್ತ ತಿಳೀಲಿಲ್ಲ.”

ಸ್ವಲ್ಪ ಹೊತ್ತಿಗೆ ಅವಳೇ ಉತ್ತರ ಕಂಡುಕೊಂಡಳು. “ಅಲ್ಲಿ ಎಲ್ಲಾರೂ ಒದರಿ ಮಾತಾಡ್ತಾರ. ನಿಮ್ಮ ಓಣ್ಯಾಗಿನ ಮಂದಿ ಮಾತೇ ಹಂಗ ಅಂದ್ಕೊಂಡಿದ್ದೆ.”

ಕೋಲಾರದ ಆಸ್ಪತ್ರೆಯೊಂದರಲ್ಲಿ ಕಿವಿ ಪರೀಕ್ಷೆ. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಎಂದರು. ಮೊದಮೊದಲು ದಪ್ಪನೆಯ ಸ್ವರಗಳು ಬಂದವು, ಒತ್ತಿದೆ. ನಂತರ ಯಂತ್ರ ನಿಂತುಹೋಯಿತು. ಕಾದೆ. ಗಾಜಿನಾಚೆ ಪರೀಕ್ಷೆ ಮಾಡುವ ಹುಡುಗಿ ತಿರುಗಣೆ ತಿರುಗಿಸುವುದು, ನನ್ನ ಬೆರಳು ನೋಡುವುದು, ಮತ್ತೆ ತಿರುಗಿಸುವುದು ಮಾಡುತ್ತಿದ್ದಳು. ಅವಳ ಮುಖ ನೋಡಿ ತಿಳಿಯಿತು. ಯಂತ್ರ ನಿಂತಿರಲಿಲ್ಲ. ಅವಳು ಸದ್ದು ಕಳಿಸುತ್ತಲೇ ಇದ್ದಳು.

ಡಾಕ್ಟರು ಮಧ್ಯವಯಸ್ಸಿನ ಹೆಂಗಸು. “ಮಗ್ಗದ ಶೆಡ್ಡಲ್ಲಿ ಕೆಲಸ ಮಾಡ್ತಿದ್ರಾ?” ಎಂದು ಚೀಟಿ ನೋಡಿಯೇ ಕೇಳಿದರು. ಹೌದೆಂದೆ. “ಇದು ಇಲ್ಲಿಗೆ ಬಂದ್ಮೇಲೆ ಆಗಿದ್ದಲ್ಲ. ಬಹಳ ವರ್ಷದಿಂದ ಸ್ವಲ್ಪ ಸ್ವಲ್ಪವೇ ಹೋಗಿದೆ. ಸಣ್ಣ ಚೂಪು ಸದ್ದುಗಳು ಮೊದಲು ಹೋಗುತ್ತೆ. ಹೋಗಿದ್ದು ವಾಪಸ್ ಬರಲ್ಲ. ಉಳಿದಿರೋದನ್ನ ಕಾಪಾಡ್ಕೊಬೇಕು, ಕಿವಿಗೆ ಮಿಷನ್ ಹಾಕ್ಕೊಬೇಕು.”

ಬಸ್ಸಿನಲ್ಲಿ ಮುಳಬಾಗಿಲಿಗೆ ಮರಳುವಾಗ ಶಾಂತಾ ನನ್ನ ಕೈ ಹಿಡಿದುಕೊಂಡಿದ್ದಳು. ನನಗೆ ನನ್ನ ಕಿವಿಯ ಯೋಚನೆ ಇರಲಿಲ್ಲ. ಈಗಲೂ ನಮ್ಮ ಶೆಡ್ಡಿನಲ್ಲೇ ನೇಯುವ ಬಸವರಾಜನ ಮನೆಯ ಟಿ.ವಿ.ಯ ಅಬ್ಬರವೇ ತಲೆಯಲ್ಲಿತ್ತು.

ಸಂಜೆ ಮನೆ ತಲುಪಿದ ಕೂಡಲೇ ಅವನಿಗೆ ಫೋನು ಮಾಡಿದೆ. ಶಾಂತಾಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ. ಎಲ್ಲ ಹೇಳಿ, “ನೀನೂ ತೋರಿಸ್ಕೊ” ಎಂದೆ.

“ಏ, ನನಗೇನ್ ಆಗಿಲ್ಲ ಬಿಡಣ್ಣಾ. ಚಲೋನ ಕೇಳಸ್ತೈತಿ.”

“ಸಂಜಿಮುಂದ ಕೆರಿ ಕಡೆ ಜೀರುಂಡಿ ಕೇಳಸ್ತಾವೇನು?”

“ಈಗ ಎಲ್ಲೀ ಜೀರುಂಡಿ?” ಎಂದ ಅವನು, ಸಹಜವಾಗಿ. “ಹೊಲಕ್ಕ ಹುಳದ ಎಣ್ಣಿ ಹೊಡದು ಹೊಡದು ಎಲ್ಲಾ ಸತ್ತು ಹೋಗ್ಯಾವ. ಒಂದೂ ಉಳದಿಲ್ಲ.”

ಶಾಂತಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಫೋನಿನಲ್ಲಿ ಅವನ ಮಾತಿನ ಹಿಂದೆ, ನನಗೆ ಕೇಳದ್ದೇನೋ ಅವಳಿಗೆ ಕೇಳುತ್ತಿತ್ತು. ಫೋನು ಇಟ್ಟ ಮೇಲೆ ಹೇಳಿದಳು: “ಒದರಾಕತ್ತಾವ್ರೀ. ಅವರ ಕಿಟಕಿಯಾಗ ಒದರಾಕತ್ತಾವ.”

ಮುಂದಿನ ಸುದ್ದಿ ಅದಕ್ಕಿಂತ ಕೆಟ್ಟದ್ದು. ಬಸವರಾಜನ ಮಗಳು ಸಾವಿತ್ರಿ ಕಾಲೇಜು ಮುಗಿಸಿ, ಬೇರೆ ಕೆಲಸ ಸಿಗುವವರೆಗೆ ಎಂದು ಅದೇ ಶೆಡ್ಡಿಗೆ ಹೋಗತೊಡಗಿದ್ದಳು.

ಮಿಷನ್ ಬಂತು. ಅದನ್ನು ಹಾಕಿಕೊಂಡ ಮೊದಲ ದಿನ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಪೇಪರು ಮಡಚಿದರೆ ಬಡಿದ ಹಾಗೆ, ಪಾತ್ರೆ ಇಟ್ಟರೆ ಚುಚ್ಚಿದ ಹಾಗೆ. ಭಾನುವಾರ ಅಂಗಡಿಯಲ್ಲಿ ಬಾಷಾ ಭಾಯ್ ಏನನ್ನೂ ಕೇಳದೆ ಅವ್ವನ ಹಾಡು ಹಾಕಿದರು. ಅವಳ ದನಿ ತಗಡಿನ ಡಬ್ಬಿಯಿಂದ ಬಂದ ಹಾಗಿತ್ತು, ನನ್ನ ಅವ್ವನ ಹಾಗಿರಲಿಲ್ಲ. ಎದ್ದು ಹೋಗಿಬಿಡೋಣ ಅನ್ನಿಸಿತು. ಆಗ ಅದರ ಪಕ್ಕದಲ್ಲಿ, ತೀರ ಸಣ್ಣಗೆ, ಟಿಣ್ ಟಿಣ್ ಎಂದು ತಾಳ. ಒಂದು ಕಡೆ ಹುಡುಗ ತಪ್ಪಿದ್ದಾನೆ, ಅರ್ಧ ಮಾತ್ರೆ ಹಿಂದೆ ಬಿದ್ದು, ಓಡಿ ಬಂದು ಸೇರಿಕೊಂಡಿದ್ದಾನೆ.

“ಸಿಕ್ಕಿದ್ನಾ?” ಎಂದರು ಬಾಷಾ ಭಾಯ್.

ತಲೆಯಾಡಿಸಿದೆ.

“ನಕ್ಕೋ ರೋ ಭಾಯ್” ಎಂದರು. ದಖನಿಯಲ್ಲಿ ನಕ್ಕೋ ಅಂದರೆ ಬೇಡ. ಅಳಬೇಡ ಅಂದರು. ಅವರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಈಗ ಅಂಗಡಿ ಇನ್ನೊಂದು ರೀತಿ ನಡೆಯುತ್ತದೆ. ಪೆಟ್ಟಿಗೆಯ ಕೆಳಗಿನ, ನಡುವಿನ ಸ್ವರಗಳನ್ನು ನಾನು ತಿದ್ದುತ್ತೇನೆ. ಮೇಲಿನದಕ್ಕೆ ಮೇಷ್ಟ್ರು ಬಂದು ಪಕ್ಕದಲ್ಲಿ ಕೂರುತ್ತಾರೆ. ನಾನು ರೀಡು ಕೆರೆಯುತ್ತೇನೆ, ಅವರು ಹೆಬ್ಬೆರಳನ್ನು ಮೇಲೆ ಅಥವಾ ಕೆಳಗೆ ಮಾಡುತ್ತಾರೆ. ಬೇಸರವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ “ಪರ್ವಾಲೇದು” ಎಂದರು, ಚಿಂತೆಯಿಲ್ಲ ಎಂದು. ಅವ್ವನ ಹಾಡಿನ ಧಾಟಿಯನ್ನು ಅವರು ಹೋಳೂರಿನ ಒಂದು ನಾಟಕದ ತಂಡಕ್ಕೆ ಕಲಿಸಿದ್ದಾರೆ. ಬೆಟಗೇರಿಯ ಕಂಡಿಕಿಯ ಹಾಡು ಈಗ ಕೋಲಾರದ ರಂಗದ ಮೇಲೆ ದ್ರೌಪದಿಯ ಅಳಲಾಗಿದೆ. ಆದರೆ ಕಿವಿ ಇನ್ನೂ ಇಳಿಯುತ್ತಿದೆಯೇ ಎಂಬ ಭಯ ಹೋಗಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಪೆಟ್ಟಿಗೆಯ ಮುಂದೆ ಕೂತು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸ್ವರ ಒತ್ತುತ್ತ ಹೋಗುತ್ತೇನೆ. ನಿನ್ನೆ ಇದ್ದದ್ದು ಇವತ್ತೂ ಇದೆಯೇ ಎಂದು.

ಸಂಕ್ರಾಂತಿಗೆ ಬೆಟಗೇರಿಗೆ ಬಂದಿದ್ದೆ. ನಿಮ್ಮಲ್ಲಿ ಹಲವರನ್ನು ಕಂಡೆ. ನಾನು ಮೆತ್ತಗೆ ಮಾತಾಡಿದಾಗ ನೀವು ಕೈಯನ್ನು ಕಿವಿಗೆ ಹಿಡಿದದ್ದನ್ನೂ ಕಂಡೆ. ಬಸವರಾಜ ಪರೀಕ್ಷೆಗೆ ಬರಲಿಲ್ಲ. “ಕೇಳಸಂಗಿಲ್ಲ ಅಂತ ಚೀಟಿ ಕೊಟ್ರ ಮಾಲಕ ಕೆಲಸ ಬಿಡಸ್ತಾನ” ಎಂದ. ಸಾವಿತ್ರಿಗೆ ಕಿವಿ ಮುಚ್ಚುವ ಮಫ್ ಒಯ್ದಿದ್ದೆ. ಒಂದು ದಿನ ಹಾಕಿಕೊಂಡಳು. ಎಳೆ ಹರಿದದ್ದು ಸದ್ದಿನಿಂದ ತಿಳಿಯುವುದಿಲ್ಲ, ಬಟ್ಟೆ ಕೆಡುತ್ತದೆ ಎಂದು ಮರುದಿನ ತೆಗೆದಿಟ್ಟಳು.

ಹೊರಡುವ ದಿನ ಹೇಳಿ ಬರಲು ಶೆಡ್ಡಿಗೆ ಹೋದೆ. ಬಾಗಿಲಲ್ಲೇ ಮಿಷನ್ ತೆಗೆದು ಜೇಬಿಗೆ ಹಾಕಿಕೊಂಡು, ಸಾವಿತ್ರಿ ಬಿಟ್ಟ ಮಫ್ಫನ್ನೇ ಹಾಕಿಕೊಂಡು ಒಳಗೆ ಕಾಲಿಟ್ಟೆ. ನೆಲದ ನಡುಕ ಅಂಗಾಲಿನಿಂದ ಎದೆಗೆ ಏರಿತು. ಅದು ನನ್ನ ಎದೆಗೆ ಹಳೆಯ ಗುರುತು. ಮಗ್ಗಗಳ ಆಚೆ ತುದಿಯಲ್ಲಿದ್ದ ಬಸವರಾಜ ನನ್ನನ್ನು ಕಂಡು ದನಿ ಎತ್ತದೆ ಬರೀ ತುಟಿ ಆಡಿಸಿದ. ಶೆಡ್ಡಿನವರು ಹಾಗೆಯೇ ಮಾತಾಡುತ್ತಾರೆ, ಅಲ್ಲಿ ದನಿಯಿಂದ ಉಪಯೋಗವಿಲ್ಲ.

“ಮತ್ತ ಯಾವಾಗ ಊರಿಗೆ?”

ಒಂದಕ್ಷರ ಬಿಡದೆ ತಿಳಿಯಿತು. ಮುಳಬಾಗಿಲಿನಲ್ಲಿ ಇಷ್ಟು ಸಲೀಸಾಗಿ, ಒಂದೇ ಸಲಕ್ಕೆ, ನನಗೆ ಯಾರ ಮಾತೂ ತಿಳಿದಿಲ್ಲ.

“ಇವತ್ತ ಹೊಂಟೀನಿ” ಎಂದು ತುಟಿಯಲ್ಲೇ ಹೇಳಿದೆ. ಅವನು ಹುಬ್ಬು ಗಂಟಿಕ್ಕಿದ. ಅವನು ಕೇಳಿದ್ದು ಬೆಟಗೇರಿಗೆ ಮತ್ತೆ ಯಾವಾಗ ಬರುತ್ತೀ ಎಂದು. ನಾನು ಊರು ಎಂದುಕೊಂಡದ್ದು ಮುಳಬಾಗಿಲನ್ನು.

ತಿದ್ದಿ ಹೇಳುವ ಮೊದಲೇ ಅವನ ಮಗ್ಗದಲ್ಲಿ ಎಳೆ ಹರಿದು ಅವನು ಬಗ್ಗಿದ. ಪಕ್ಕದ ಮಗ್ಗದಿಂದ ಸಾವಿತ್ರಿ ನನ್ನ ಕಡೆ ತಿರುಗಿದಳು. ಅವಳೂ ದನಿ ಎತ್ತಲಿಲ್ಲ. ನಗುತ್ತ, ತುಟಿ ಅಗಲಿಸಿ, ನಮ್ಮ ಹಳೆಯ ನೇಕಾರರ ಹಾಗೆಯೇ, “ಉಂಡು ಹೋಗ್ರಿ ದೊಡ್ಡಪ್ಪಾ” ಎಂದಳು.

ಇಷ್ಟು ಬೇಗ ಕಲಿತುಬಿಟ್ಟಿದ್ದಳು. ನನ್ನವರ ಮಾತು ಅದು, ಕಂಡ ಕೂಡಲೇ ಜೀವ ಹಿಗ್ಗಿತು. ಅವಳ ಕಿವಿಯ ಮೇಲಿರಬೇಕಿದ್ದ ಮಫ್ ಮಾತ್ರ ನನ್ನ ಕಿವಿಯ ಮೇಲಿತ್ತು. ನಾನೂ ತುಟಿಯಲ್ಲೇ “ಆತವ್ವಾ” ಎಂದು, ಉಂಡು, ಸಂಜೆಯ ಬಸ್ಸು ಹತ್ತಿದೆ.